ನಿಮಗಿದು ಗೊತ್ತೇ? ಕೂಸಿನ ಬೆನ್ನುಹುರಿ

● ಜಮಖಂಡಿ, ಮುಧೋಳ, ಬೀಳಗಿ ಕಡೆ ಕೂಸಿಗೆ ಎಣ್ಣೆ ತಿಕ್ಕಿ ಎರೆಯುವ ಅಜ್ಜಿಗೆ ಡಾಕ್ಟರಿಗಿಂತ ಮೊದಲೇ ಒಂದು ಸುಳಿವು ಸಿಗಬಹುದು. ಸೊಂಟದ ನಟ್ಟನಡುವೆ, ಕುಂಡಿಯ ಸೀಳಿಗಿಂತ ಮೇಲೆ ಕುಳಿ, ಕೂದಲಿನ ಜೊಂಪೆ ಇಲ್ಲವೇ ಮೆತ್ತನೆಯ ಗಂಟು ಇದ್ದರೆ, ಒಳಗೆ ಬೆನ್ನುಹುರಿ ಕೆಳಕ್ಕೆ ಅಂಟಿಕೊಂಡಿರುವ ಸಾಧ್ಯತೆಯಿದೆ. ಕೂಸು ಬೆಳೆದಂತೆ ಅದು ಜಗ್ಗಿ ಕಾಲಿಗೂ ಮೂತ್ರಕೋಶಕ್ಕೂ ತೊಂದರೆ ಕೊಡುತ್ತದೆ.

● ಕೂಸು ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ಸಾದಾ ಸೋನೋಗ್ರಾಫಿಯಲ್ಲೇ ಇದು ಕಾಣುತ್ತದೆ. ಬೆನ್ನೆಲುಬು ಗಟ್ಟಿಯಾದ ಮೇಲೆ ಎಂಆರ್‌ಐ ಬೇಕಾಗುತ್ತದೆ.

● 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 30 ತೊಂದರೆಗಳ ಪಟ್ಟಿಯಲ್ಲಿ ಮೊದಲ ಹೆಸರೇ ನರನಾಳದ (ಗರ್ಭದಲ್ಲಿ ಮೆದುಳು, ಬೆನ್ನುಹುರಿಯಾಗಿ ಬೆಳೆಯುವ ನಾಳದ) ದೋಷ.

● ಅಂಟಿದ ಬೆನ್ನುಹುರಿಯನ್ನು ಬಿಡಿಸುವಂಥ ಬೆನ್ನಿನ ಶಸ್ತ್ರಚಿಕಿತ್ಸೆ ನಡೆಯುವಾಗ ನರಕ್ಕೆ ಏಟು ಬಿತ್ತೋ ಇಲ್ಲವೋ ತಿಳಿಯುವುದು ಹೇಗೆ? ಫ್ರಾನ್ಸಿನ ಸ್ಟಾಗ್ನಾರಾ ಮತ್ತು ಸಂಗಡಿಗರು 1973ರಲ್ಲಿ ಹೇಳಿದ ದಾರಿ ಎದೆ ನಡುಗಿಸುವಂಥದ್ದು: ನಡುವೆಯೇ ರೋಗಿಯನ್ನು ಎಚ್ಚರಿಸಿ, 'ಕಾಲು ಅಲ್ಲಾಡಿಸು' ಎನ್ನುವುದು. ಆರು ತಿಂಗಳ ಕೂಸಿಗೆ ಯಾರು ಹೇಳಬೇಕು?

● ಅದಕ್ಕೇ ನರವನ್ನೇ ಕೇಳುವುದು. ಲಂಡನ್ನಿನ ಮೆರ್ಟನ್ ಮತ್ತು ಮಾರ್ಟನ್ 1980ರಲ್ಲಿ ನೆತ್ತಿಯ ಚರ್ಮದ ಮೇಲಿಂದಲೇ ವಿದ್ಯುತ್ ಹರಿಸಿ ಸ್ನಾಯು ಅಲುಗುವಂತೆ ಮಾಡಿದರು. ಇಂದು ಅದೇ ತತ್ವದಲ್ಲಿ ಕಾಲಿನ ಸ್ನಾಯುಗಳಿಗೆ ಸಣ್ಣ ಸೂಜಿ ಚುಚ್ಚಿ, ತಲೆಯಿಂದ ಕಳಿಸಿದ ಸಂದೇಶ ಕೆಳಗೆ ಮುಟ್ಟಿತೇ ಎಂದು ಪರದೆಯ ಮೇಲೆ ನೋಡುತ್ತಾರೆ. ಪಾದದ ಬಳಿ ಮಿಡಿತ ಕೊಟ್ಟು ಅದು ಮೆದುಳಿಗೆ ಏರಿತೇ ಎಂದೂ ನೋಡುತ್ತಾರೆ. ಈ ಏರುವ ಅಲೆಯ ಎತ್ತರ ಅರ್ಧಕ್ಕೆ ಕುಸಿದರೆ ಎಚ್ಚರಿಕೆ.

● ರಬಕವಿ-ಬನಹಟ್ಟಿಯ ಪವರ್‌ಲೂಮಿನಲ್ಲಿ ಹೊಕ್ಕಿನ ನೂಲು ಹರಿದರೆ ಮಗ್ಗ ತಾನೇ ನಿಲ್ಲುತ್ತದೆ. ಇಲ್ಲಿ ಹಾಗಲ್ಲ, ಯಂತ್ರ ಕೂಗಿದರೂ ನಿಲ್ಲಬೇಕಾದ್ದು ಸರ್ಜನ್ನರ ಕೈ. ಕೂಗಿದ್ದೆಲ್ಲ ನರದ ಪೆಟ್ಟೂ ಅಲ್ಲ. ರಕ್ತದೊತ್ತಡ ಇಳಿದರೂ, ಮೈ ತಣ್ಣಗಾದರೂ ಅಲೆ ಸೊರಗುತ್ತದೆ. ಕೂಸಿನ ಮೈಯಂತೂ ಬೇಗ ತಣ್ಣಗಾಗುತ್ತದೆ.

● ದೊಡ್ಡವರ ನರಕ್ಕಿಂತ ಕೂಸಿನ ನರವನ್ನು ಕೇಳುವುದು ಕಷ್ಟ. ಮೆದುಳಿನಿಂದ ಇಳಿಯುವ ನರತಂತುಗಳ ಮೇಲಿನ ಮಯಲಿನ್ ಹೊದಿಕೆ ತುಂಬಲು ಎರಡು ವರ್ಷವಾದರೂ ಬೇಕು. ಆದ್ದರಿಂದ ಹೆಚ್ಚು ಬಲದ ಮಿಡಿತ ಬೇಕಾಗುತ್ತದೆ. ಅರಿವಳಿಕೆ ಅನಿಲ ಹೆಚ್ಚಾದರೆ ಸದ್ದೇ ಅಡಗುವುದರಿಂದ ರಕ್ತನಾಳದ ಮೂಲಕ ಕೊಡುವ ಪ್ರೊಪೊಫಾಲ್‌ನಂಥ ಔಷಧದತ್ತ ವಾಲುತ್ತಾರೆ. ಅರಿವಳಿಕೆ ಕೊಡುವವರ ಜಾಣ್ಮೆಗೆ ಇಲ್ಲಿ ಅರ್ಧ ಯಶಸ್ಸು ಸಲ್ಲಬೇಕೆಂದು ನನಗನಿಸುತ್ತದೆ, ಹೆಸರು ಮಾತ್ರ ಸರ್ಜನ್ನರಿಗೆ!

● ಮಲದ್ವಾರದ ಸ್ನಾಯುವಿಗೂ ಸೂಜಿ ಹಾಕುತ್ತಾರೆ. ಬೆನ್ನುಹುರಿಯನ್ನು ಜಗ್ಗುವ ದಾರ ಯಾವುದು, ಮಲಮೂತ್ರ ಹಿಡಿದಿಡುವ ನರ ಯಾವುದು ಎಂದು ಕಣ್ಣಿಗೆ ತಿಳಿಯದಾಗ ಕತ್ತರಿಗೆ ಮೊದಲು ಸಣ್ಣ ವಿದ್ಯುತ್ ಮುಟ್ಟಿಸುತ್ತಾರೆ. ಸ್ನಾಯು ಮಿಡುಕಿದರೆ ಅದು ನರ, ಮುಟ್ಟುವಂತಿಲ್ಲ.

● ದಾವಣಗೆರೆಯ ವೈದ್ಯರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾವಿರ ಹೆರಿಗೆಗೆ 11ಕ್ಕೂ ಹೆಚ್ಚು ನರನಾಳದ ದೋಷ ಕಂಡಿತ್ತು.

● ನರನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನದೊಳಗೆ, ಎಷ್ಟೋ ತಾಯಂದಿರಿಗೆ ಬಸಿರೆಂದು ಖಾತ್ರಿಯಾಗುವ ಮೊದಲೇ. ಹಿಂದೆ ಇಂಥ ಕೂಸು ಹೆತ್ತವರ ಮೇಲೆ ನಡೆದ ಬ್ರಿಟಿಷ್ ನೇತೃತ್ವದ ಪ್ರಯೋಗ 1991ರಲ್ಲಿ ತೋರಿಸಿದಂತೆ, ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಮರುಕಳಿಕೆಯನ್ನು ಶೇಕಡಾ 72ರಷ್ಟು ತಗ್ಗಿಸಿತು. ಉಳಿದವರಿಗೆ ಅದರ ಹತ್ತನೇ ಒಂದು ಪಾಲು ಸಾಕು. ಎರಡೂ ಕಡೆ ಡಾಕ್ಟರನ್ನು ಕೇಳಿ, ಬಸಿರಿಗೆ ಒಂದು ತಿಂಗಳು ಮುಂಚೆಯೇ ಶುರು ಮಾಡಬೇಕು.