ಮೊದಲ ಏಟು ಯಾರದು?

ಒಂದು ಮೇಜಿನ ಸುತ್ತ ಐದಾರು ಮಂದಿ ತರುಣರು ಕುಳಿತಿದ್ದಾರೆ. ಮೇಜಿನ ಮೇಲೆ ಕೆಲವು ಕಾಗದಗಳು, ಸೀಸದಕಡ್ಡಿಗಳು, ವಿಚಿತ್ರಾಕಾರದ ದಾಳಗಳು. ಇವಲ್ಲದೆ ಬೇರೇನೂ ಇಲ್ಲ. ಆದರೆ ಅವರ ಮನೋನೇತ್ರದ ಮುಂದೆ ಒಂದು ಪಾಳುಕೋಟೆ ನಿಂತಿದೆ. ಒಬ್ಬನು ಖಡ್ಗಧಾರಿ, ಒಬ್ಬಳು ಬಿಲ್ಲುಗಾರ್ತಿ, ಮತ್ತೊಬ್ಬನು ಮಂತ್ರವಾದಿ. ಕತ್ತಲೆಯೊಳಗಿಂದ ನಾಲ್ವರು ದೈತ್ಯರು ಹೊರಬೀಳುತ್ತಾರೆ. "ಈಗ ನೀವೇನು ಮಾಡುವಿರಿ?" ಎಂದು ಸೂತ್ರಧಾರನು ಕೇಳುತ್ತಾನೆ. ಎಲ್ಲರೂ ಏಕಕಾಲದಲ್ಲಿ ಉತ್ತರ ಹೇಳುತ್ತಾರೆ. ಯಾರ ಮಾತು ಮೊದಲು ನಡೆಯಬೇಕು?

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಕತೆಯೊಳಗಿನ ವೀರನು ಉಳಿಯುವನೇ ಅಳಿಯುವನೇ ಎಂಬುದು ಅನೇಕ ವೇಳೆ ಇದನ್ನೇ ಅವಲಂಬಿಸಿರುತ್ತದೆ. ಆಟದ ಪರಿಭಾಷೆಯಲ್ಲಿ ಇದಕ್ಕೆ 'ಇನಿಷಿಯೇಟಿವ್' ಎಂದು ಹೆಸರು. ನಾವು ಇದನ್ನು 'ಅಗ್ರಸರದಿ' ಎಂದು ಕರೆಯೋಣ.

ಕಾಲವನ್ನು ಕತ್ತರಿಸುವ ಕಷ್ಟ

ನಿಜವಾದ ಕಾದಾಟದಲ್ಲಿ ಸರದಿ ಎಂಬುದೇ ಇಲ್ಲ. ಇಬ್ಬರ ಕತ್ತಿಗಳೂ ಒಂದೇ ಕ್ಷಣದಲ್ಲಿ ಬೀಸಬಹುದು. ಕಾಲವು ಹೊಳೆಯಂತೆ ಎಡೆಬಿಡದೆ ಹರಿಯುತ್ತದೆ. ಆದರೆ ಮೇಜಿನ ಸುತ್ತ ಕುಳಿತವರು ಒಬ್ಬರಾದ ಮೇಲೆ ಒಬ್ಬರು ಮಾತನಾಡಬೇಕು. ಆದಕಾರಣ ಕಾಲವನ್ನು ತುಂಡುತುಂಡಾಗಿ ಕತ್ತರಿಸದೆ ಗತ್ಯಂತರವಿಲ್ಲ. ಗ್ರಹಗಳ ಚಲನೆಯನ್ನು ಗಣಕಯಂತ್ರದಿಂದ ಲೆಕ್ಕ ಹಾಕುವ ವಿಜ್ಞಾನಿಗೂ ಇದೇ ಕಷ್ಟವುಂಟು. ತುಂಡು ದೊಡ್ಡದಾದರೆ ತಪ್ಪೂ ದೊಡ್ಡದಾಗುತ್ತದೆ. ತುಂಡು ಚಿಕ್ಕದಾದಷ್ಟೂ ಲೆಕ್ಕವು ನಿಜಕ್ಕೆ ಹತ್ತಿರವಾಗುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಈ ಸಮಸ್ಯೆ ಹಳೆಯದು. 1824 ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ರೂಪಿಸಿದ ಸಮರಕ್ರೀಡೆಯಲ್ಲಿ ಒಂದೊಂದು ಸುತ್ತೂ ಯುದ್ಧಭೂಮಿಯ ಎರಡು ನಿಮಿಷಗಳಿಗೆ ಸಮನಾಗಿತ್ತು. 1971 ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಪ್ರಕಟಿಸಿದ 'ಚೈನ್‌ಮೇಲ್' ಎಂಬ ನಿಯಮಾವಳಿಯಲ್ಲಿ ಎರಡು ಮಾರ್ಗಗಳಿದ್ದವು. ಮೊದಲನೆಯದರಲ್ಲಿ ದಾಳ ಉರುಳಿಸಿ ಗೆದ್ದ ಪಕ್ಷವು ತಾನು ಮೊದಲು ನಡೆಯಬೇಕೇ, ಅನಂತರ ನಡೆಯಬೇಕೇ ಎಂಬುದನ್ನು ಆರಿಸಿಕೊಳ್ಳಬಹುದಾಗಿತ್ತು. ಎರಡನೆಯದರಲ್ಲಿ ಉಭಯ ಪಕ್ಷಗಳೂ ತಮ್ಮ ಆಜ್ಞೆಗಳನ್ನು ಬರೆದಿಟ್ಟು ಒಟ್ಟಿಗೆ ನಡೆಯುತ್ತಿದ್ದವು. 1974 ರಲ್ಲಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರಬಂದಾಗ ಸೈನ್ಯದ ಸ್ಥಾನದಲ್ಲಿ ಒಬ್ಬೊಬ್ಬ ವೀರನು ಬಂದು ನಿಂತನು. ಸರದಿಯ ಸಮಸ್ಯೆ ಅವನ ಜೊತೆಯಲ್ಲಿಯೇ ಬಂದಿತು.

ಪಕ್ಷಕ್ಕೊಂದು ದಾಳ

1981 ರಲ್ಲಿ ಟಾಮ್ ಮೋಲ್ಡ್‌ವೇ ಸಂಪಾದಿಸಿದ ಆವೃತ್ತಿಯ ಮಾರ್ಗ ಅತ್ಯಂತ ಸರಳವಾದುದು. ಪ್ರತಿ ಸುತ್ತಿಗೂ ಪಕ್ಷಕ್ಕೊಂದರಂತೆ ಆರು ಮುಖಗಳ ದಾಳ ಉರುಳುತ್ತದೆ. ಹೆಚ್ಚು ಬಿದ್ದ ಪಕ್ಷದವರೆಲ್ಲ ಮೊದಲು ಕಾರ್ಯ ನಡೆಸುತ್ತಾರೆ. ಇದರಿಂದ ಕಾಲಹರಣವಿಲ್ಲ, ಗೆಳೆಯರು ಕೂಡಿ ಆಲೋಚಿಸಲೂ ಅವಕಾಶವುಂಟು.

ಆದರೆ ಇದರಲ್ಲಿ ಅಡಗಿರುವ ಅಪಾಯವನ್ನು ನೋಡಿ. 'ಕ' ಪಕ್ಷದಲ್ಲಿ ನಾಲ್ವರು, 'ಖ' ಪಕ್ಷದಲ್ಲಿ ನಾಲ್ವರು. ಒಂದು ಏಟಿಗೆ ಒಬ್ಬನು ಬೀಳುವನೆಂದು ಭಾವಿಸೋಣ. 'ಕ' ಪಕ್ಷಕ್ಕೆ ಅಗ್ರಸರದಿ ಬಂದರೆ ನಾಲ್ಕು ಏಟು, ನಾಲ್ಕು ಮರಣ. 'ಖ' ಪಕ್ಷದವರು ಕೈಯೆತ್ತುವ ಮೊದಲೇ ಯುದ್ಧ ಮುಗಿಯಿತು! ಎರಡೂ ಪಕ್ಷಗಳ ಬಲ ಸಮಾನ. ಫಲ ಮಾತ್ರ ನಾಲ್ಕಕ್ಕೆ ಸೊನ್ನೆ.

ಮತ್ತೊಂದು ಸೂಕ್ಷ್ಮವಿದೆ. ಪ್ರತಿ ಸುತ್ತಿಗೂ ಹೊಸದಾಗಿ ದಾಳ ಉರುಳುವುದರಿಂದ, ಈ ಸುತ್ತಿನಲ್ಲಿ ಹಿಂದಾದ ಪಕ್ಷವು ಮುಂದಿನ ಸುತ್ತಿನಲ್ಲಿ ಮೊದಲಾಗಬಹುದು. ಆಗ ಅದಕ್ಕೆ ಬೆನ್ನುಬೆನ್ನಿಗೆ ಎರಡು ಸರದಿಗಳು ದೊರೆಯುತ್ತವೆ. ಸಮ ಬಿದ್ದಾಗ ಮತ್ತೆ ಉರುಳಿಸುವುದಾದರೆ ಇದರ ಸಂಭವನೀಯತೆ ಸರಿಯಾಗಿ ಅರ್ಧ.

ವ್ಯಕ್ತಿಗೊಂದು ದಾಳ

2000 ದಲ್ಲಿ ಬಂದ ಮೂರನೆಯ ಆವೃತ್ತಿಯು ಬೇರೊಂದು ಹಾದಿ ಹಿಡಿಯಿತು. ಕಾಳಗದ ಆರಂಭದಲ್ಲಿ ಪ್ರತಿಯೊಬ್ಬನೂ ಇಪ್ಪತ್ತು ಮುಖಗಳ ದಾಳ ಉರುಳಿಸಿ, ಬಂದ ಅಂಕಿಗೆ ತನ್ನ ಪಾತ್ರದ ಚುರುಕುತನದ ಅಂಕಿಯನ್ನು ಕೂಡಿಸುತ್ತಾನೆ. ಆ ಕ್ರಮವೇ ಕಾಳಗ ಮುಗಿಯುವವರೆಗೂ ಚಕ್ರದಂತೆ ಸುತ್ತುತ್ತದೆ. 2014 ರ ಐದನೆಯ ಆವೃತ್ತಿಯಲ್ಲಿಯೂ ಇದೇ ಪದ್ಧತಿ ಮುಂದುವರಿಯಿತು.

ಚುರುಕುತನಕ್ಕೆ ಇಲ್ಲಿ ಎಷ್ಟು ಬೆಲೆ? ಇಬ್ಬರು ಉರುಳಿಸಿದರೆ ಒಟ್ಟು 400 ಜೋಡಿಗಳು. ಒಬ್ಬನಿಗೆ 3 ಅಂಕಿಗಳ ಅನುಕೂಲವಿದ್ದರೆ 247 ಜೋಡಿಗಳಲ್ಲಿ ಅವನು ಮೊದಲು, 17 ರಲ್ಲಿ ಸಮ, 136 ರಲ್ಲಿ ಎದುರಾಳಿ ಮೊದಲು. ಅಂದರೆ ಚುರುಕಿನವನು ಸೇಕಡಾ 62 ರಷ್ಟು ಸಲ ಮುಂದು; ಆದರೂ ಮಂದನಿಗೆ ಸೇಕಡಾ 34 ರಷ್ಟು ಆಸೆ ಉಳಿದಿದೆ. ಎರಡು ಪಕ್ಷಗಳವರೂ ಬೆರೆಯುವುದರಿಂದ ಸಗಟು ಸಂಹಾರದ ಭಯ ಕಡಿಮೆ.

ಆದರೆ ಇಲ್ಲಿ ಬೇರೊಂದು ಬಾಧೆ ಉಂಟು. ಐವರು ಆಟಗಾರರು, ಒಬ್ಬ ಸೂತ್ರಧಾರ. ಒಬ್ಬೊಬ್ಬರಿಗೆ ಎರಡು ನಿಮಿಷವೆಂದರೂ ಒಂದು ಸುತ್ತಿಗೆ 12 ನಿಮಿಷ ಬೇಕು. ತನ್ನ ಸರದಿ ಮುಗಿಸಿದವನು ಹತ್ತು ನಿಮಿಷ ಸುಮ್ಮನೆ ಕೂರಬೇಕು. ಕತೆಯೊಳಗಾದರೋ ಕಳೆದ ಕಾಲ ಕೇವಲ ಆರು ಸೆಕೆಂಡುಗಳು!

ಕಾರ್ಯಕ್ಕೆ ತಕ್ಕ ವೇಗ

ಕಠಾರಿಯನ್ನು ಚುಚ್ಚುವಷ್ಟು ಬೇಗ ಭಾರಿ ಖಡ್ಗವನ್ನು ಬೀಸಲು ಸಾಧ್ಯವೇ? ಈ ಪ್ರಶ್ನೆಯಿಂದ ಮೂರನೆಯ ಮಾರ್ಗ ಹುಟ್ಟಿತು. 1989 ರ ಎರಡನೆಯ ಆವೃತ್ತಿಯಲ್ಲಿ ಹತ್ತು ಮುಖಗಳ ದಾಳ. ಕಡಿಮೆ ಅಂಕಿಯವರೇ ಮೊದಲು. ಬೇಕೆನಿಸಿದರೆ ಆಯುಧದ ವೇಗಾಂಕವನ್ನೂ ಕೂಡಿಸಬಹುದಾಗಿತ್ತು: ಕಠಾರಿಗೆ 2, ಎರಡು ಕೈಗಳ ಖಡ್ಗಕ್ಕೆ 10.

2017 ರಲ್ಲಿ ಮೈಕ್ ಮರ್ಲ್ಸ್ ಪರೀಕ್ಷಾರ್ಥವಾಗಿ ಮುಂದಿಟ್ಟ 'ಗ್ರೇಹಾಕ್ ಇನಿಷಿಯೇಟಿವ್' ಈ ವಿಚಾರಕ್ಕೆ ಚೆಲುವಾದ ರೂಪ ಕೊಟ್ಟಿತು. ಪ್ರತಿ ಸುತ್ತಿನಲ್ಲಿಯೂ ಏನು ಮಾಡುವೆನೆಂದು ಮೊದಲೇ ನಿಶ್ಚಯಿಸಬೇಕು. ಕಾರ್ಯಕ್ಕೆ ತಕ್ಕಂತೆ ದಾಳವೂ ಬೇರೆ. ದೂರದಿಂದ ಬಾಣ ಬಿಡಲು ನಾಲ್ಕು ಮುಖಗಳದು, ಕೈಕೈ ಕಾಳಗಕ್ಕೆ ಎಂಟು ಮುಖಗಳದು, ಮಂತ್ರಪ್ರಯೋಗಕ್ಕೆ ಹನ್ನೆರಡು ಮುಖಗಳದು. ಇಲ್ಲಿಯೂ ಕಡಿಮೆಯೇ ಮೇಲು. ಬಿಲ್ಲುಗಾರ್ತಿಗೂ ಮಂತ್ರವಾದಿಗೂ ಪಂಥವಾದರೆ 48 ಜೋಡಿಗಳಲ್ಲಿ 38 ಬಿಲ್ಲುಗಾರ್ತಿಗೆ, 4 ಸಮ, 6 ಮಂತ್ರವಾದಿಗೆ. ಬಲಕ್ಕೂ ವೇಗಕ್ಕೂ ನಡುವಿನ ಕೊಡುಕೊಳ್ಳುವಿಕೆ ಆಟಗಾರನ ವಿವೇಕಕ್ಕೆ ಸೇರಿತು. ಆದರೆ ಸುತ್ತುಸುತ್ತಿಗೂ ಲೆಕ್ಕದ ಶ್ರಮ ಹೆಚ್ಚು.

ಇಸ್ಪೀಟೆಲೆ ಮತ್ತು ಆಯ್ಕೆ

2003 ರ 'ಸ್ಯಾವೇಜ್ ವರ್ಲ್ಡ್ಸ್' ಎಂಬ ಆಟವು ದಾಳವನ್ನು ಬಿಟ್ಟು ಇಸ್ಪೀಟೆಲೆಗಳನ್ನು ಹಿಡಿಯಿತು. ಪ್ರತಿ ಸುತ್ತಿನಲ್ಲಿ ಎಲೆ ಹಂಚುತ್ತಾರೆ. ಎಕ್ಕವೇ ಎಲ್ಲಕ್ಕೂ ಮೇಲು. ಅಂಕಿ ಒಂದೇ ಆದರೆ ಎಲೆಯ ಬಣ್ಣದಿಂದ ನಿರ್ಣಯ. ಹೀಗಾಗಿ ಸಮ ಎಂಬ ತೊಡಕೇ ಇಲ್ಲ. ಜೋಕರ್ ಬಂದವನು ಬೇಕೆಂದಾಗ ಏಳಬಹುದು. 54 ಎಲೆಗಳಲ್ಲಿ ಎರಡು ಜೋಕರ್‌ಗಳಿರುವುದರಿಂದ ಈ ಭಾಗ್ಯದ ಸಂಭವನೀಯತೆ 27 ರಲ್ಲಿ 1.

2012 ರ 'ಮಾರ್ವೆಲ್ ಹೀರೋಯಿಕ್ ರೋಲ್‌ಪ್ಲೇಯಿಂಗ್' ಆಟದಲ್ಲಿ ದಾಳವೂ ಇಲ್ಲ, ಎಲೆಯೂ ಇಲ್ಲ. ಸರದಿ ಮುಗಿಸಿದವನೇ ಮುಂದಿನವನನ್ನು ಹೆಸರಿಸುತ್ತಾನೆ. ಸುತ್ತಿನ ಕೊನೆಯವನು ಮುಂದಿನ ಸುತ್ತಿನ ಮೊದಲನೆಯವನನ್ನು ಆರಿಸುತ್ತಾನೆ. ಇದರ ಚಮತ್ಕಾರವನ್ನು ಗಮನಿಸಿ. ವೀರರೆಲ್ಲ ದುರಾಸೆಯಿಂದ ತಾವೇ ಮೊದಲು ಏಟು ಹಾಕಿದರೆಂದುಕೊಳ್ಳಿ. ಸುತ್ತಿನ ಕೊನೆಯವನು ಶತ್ರುವೇ ಆಗುತ್ತಾನೆ. ಅವನು ಮುಂದಿನ ಸುತ್ತನ್ನೂ ತನ್ನವರಿಗೇ ಕೊಡುತ್ತಾನೆ. ವೀರರು ಎರಡು ಸುತ್ತುಗಳ ಪೆಟ್ಟನ್ನು ಒಟ್ಟಿಗೆ ತಿನ್ನಬೇಕಾಗುತ್ತದೆ. ಆದಕಾರಣ ಜಾಣರು ನಡುನಡುವೆ ಶತ್ರುವಿಗೂ ಸರದಿ ಬಿಟ್ಟುಕೊಡುತ್ತಾರೆ. ಆದರೆ ಮಾತಿನಲ್ಲಿ ಮುಂದಾದವರು ತಮ್ಮತಮ್ಮಲ್ಲೇ ಸರದಿ ಹಂಚಿಕೊಂಡು, ಸಂಕೋಚಶೀಲನಾದ ಗೆಳೆಯನನ್ನು ಸದಾ ಕೊನೆಗೆ ಉಳಿಸುವ ಭಯವೂ ಇಲ್ಲಿದೆ.

ಒಂದು ಪ್ರಯೋಗ

ವಾಚಕರು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಬಹುದು. ಚದುರಂಗದ ನಾಲ್ಕು ಬಿಳಿಯ, ನಾಲ್ಕು ಕರಿಯ ಪದಾತಿಗಳನ್ನು ಎದುರುಬದುರಾಗಿ ನಿಲ್ಲಿಸಿ. ಹಿಂದಿನಂತೆಯೇ ಏಟಿಗೊಬ್ಬನು ಬೀಳಲಿ. ಆದರೆ ಈಗ ಪಕ್ಷಗಳು ಒಬ್ಬೊಬ್ಬರಂತೆ ಸರದಿ ಬದಲಾಯಿಸಲಿ. ಪ್ರತಿಯೊಬ್ಬನೂ ಇನ್ನೂ ಏಟು ಹಾಕದವನನ್ನೇ ಬೀಳಿಸಲಿ. ಬಿಳಿಯನೊಬ್ಬ ಒಬ್ಬ ಕರಿಯನನ್ನು ಕೆಡೆಯುತ್ತಾನೆ, ಕರಿಯನೊಬ್ಬ ಒಬ್ಬ ಬಿಳಿಯನನ್ನು ಕೆಡೆಯುತ್ತಾನೆ, ಮತ್ತೊಮ್ಮೆ ಹಾಗೆಯೇ. ಮೊದಲ ಸುತ್ತು ಮುಗಿದಾಗ ಇಬ್ಬರಿಗೆ ಇಬ್ಬರು ಉಳಿದಿರುತ್ತಾರೆ! ಎರಡನೆಯ ಸುತ್ತಿನ ಕೊನೆಗೆ ಒಬ್ಬನಿಗೆ ಒಬ್ಬ. ಕಟ್ಟಕಡೆಗೆ ಮೊದಲು ಆರಂಭಿಸಿದ ಪಕ್ಷವೇ ಗೆಲ್ಲುತ್ತದೆ, ಆದರೆ ಒಬ್ಬನೇ ಒಬ್ಬನ ಅಂತರದಿಂದ.

ಸೈನಿಕರೂ ಅವರೇ, ಬಲವೂ ಅದೇ. ಬದಲಾದುದು ಸರದಿಯ ತುಂಡಿನ ಗಾತ್ರ ಮಾತ್ರ. ನಾಲ್ಕು ಏಟುಗಳ ತುಂಡನ್ನು ಒಂದೊಂದೇ ಏಟಾಗಿ ಒಡೆದೊಡನೆ ನಾಲ್ಕಕ್ಕೆ ಸೊನ್ನೆಯಾಗಿದ್ದ ಅನ್ಯಾಯವು ಒಂದಕ್ಕೆ ಇಳಿಯಿತು. ಗ್ರಹಗಣಿತದ ವಿಷಯದಲ್ಲಿ ಹೇಳಿದ ಮಾತು ಇಲ್ಲಿಯೂ ನಿಜವಾಯಿತು. ಇನ್ನೊಂದು ಕಡೆ ಒಂಟಿ ಡ್ರ್ಯಾಗನ್ ನಾಲ್ವರನ್ನು ಎದುರಿಸುವಾಗ ಅದರ ಪಾಲಿಗೆ ಒಂದೇ ಸರದಿ ಬರುತ್ತದೆ. ಅದಕ್ಕಾಗಿಯೇ ಐದನೆಯ ಆವೃತ್ತಿಯು ಬಲಿಷ್ಠ ಡ್ರ್ಯಾಗನ್‌ಗೆ ಇತರರ ಸರದಿಗಳ ಕೊನೆಯಲ್ಲಿ ಬಳಸಬಹುದಾದ ಮೂರು ಕಿರುಕ್ರಿಯೆಗಳನ್ನು ಕೊಟ್ಟಿದೆ.

ಹಾಗಾದರೆ ಯಾವ ನಿಯಮ ಉತ್ತಮ? ಬೇಗ ಮುಗಿಯಬೇಕೆನ್ನುವವರಿಗೆ ಪಕ್ಷದ ದಾಳ, ವಾಸ್ತವತೆ ಬಯಸುವವರಿಗೆ ಕಾರ್ಯದ ದಾಳ, ಒಗ್ಗಟ್ಟಿನ ಗೆಳೆಯರಿಗೆ ಆಯ್ಕೆಯ ಸರದಿ. ಯಾವುದನ್ನು ಹಿಡಿದರೂ ಒಂದು ಪರೀಕ್ಷೆ ಮಾತ್ರ ತಪ್ಪದು: ಮೇಜಿನ ಮೂಲೆಯಲ್ಲಿ ಕುಳಿತ ಮೌನಿಗೂ, ಅವನ ವೀರನು ಬೀಳುವ ಮುನ್ನ, ಒಮ್ಮೆಯಾದರೂ ಕತ್ತಿಯೆತ್ತುವ ಅವಕಾಶ ದೊರೆಯಿತೇ?