ಕಾಯುವ ಕತ್ತರಿ

ಬಲ್ಮಠದಲ್ಲಿ ವಾಸಿಸುವ ನನಗೆ ಜೀವಕೋಶದ ವ್ಯಾಪಾರವನ್ನು ವಿವರಿಸಹೊರಟಾಗಲೆಲ್ಲ ಅಚ್ಚುಕೂಟದ ಉಪಮೆಯೇ ಮೊದಲು ಒದಗುತ್ತದೆ. ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ನಿನ ಮುದ್ರಣಾಲಯದಲ್ಲಿ. ಅಂದು ನೂರಾರು ಬಗೆಯ ಅಚ್ಚುಮೊಳೆಗಳನ್ನು ಜೋಡಿಸಿ, ಬಿಡಿಸಿ, ಮತ್ತೆ ಜೋಡಿಸಿ ಅಷ್ಟು ದೊಡ್ಡ ಶಬ್ದಭಂಡಾರವನ್ನು ಪುಟಕ್ಕಿಳಿಸಿದರು. ನಮ್ಮ ದೇಹವೂ ಹಾಗೆಯೇ, ಮಿತವಾದ ವಂಶವಾಹಿ ತುಣುಕುಗಳಿಂದ ಕೋಟ್ಯಂತರ ಬಗೆಯ ಪ್ರತಿಕಾಯಗಳನ್ನು ರಚಿಸಿಕೊಳ್ಳುತ್ತದೆ.

ರೋಗಾಣುಗಳ ವೈವಿಧ್ಯಕ್ಕೆ ಕೊನೆಯಿಲ್ಲ. ಒಂದೊಂದನ್ನು ಎದುರಿಸಲೂ ಒಂದೊಂದು ವಂಶವಾಹಿಯನ್ನು ಹೊತ್ತು ಹುಟ್ಟುವುದು ಸಾಧ್ಯವಿಲ್ಲ. ಆದುದರಿಂದ ಅಸ್ಥಿಮಜ್ಜೆಯಲ್ಲಿ ಬೆಳೆಯುವ ಬಿ-ಜೀವಕೋಶವು ತನ್ನ ಡಿಎನ್‌ಎಯನ್ನೇ ಕತ್ತರಿಸಿ, ಆಯ್ದ ತುಣುಕುಗಳನ್ನು ಬೆಸೆದುಕೊಳ್ಳುತ್ತದೆ. ಪ್ರತಿಕಾಯಗಳ ಈ ಜೋಡಣೆಯನ್ನು ತೋರಿಸಿಕೊಟ್ಟ ಸುಸುಮು ತೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಕತ್ತರಿಸುವ ಕೆಲಸ ರ‍್ಯಾಗ್ ಎಂಬ ಕಿಣ್ವದ್ದು. ಡಿಎನ್‌ಎಯಲ್ಲಿ ಬರೆದಿರುವ ಗೊತ್ತಾದ ಗುರುತುಗಳನ್ನು ಓದಿ, ಅಲ್ಲಿ ಅದು ಕತ್ತರಿ ಹಾಕುತ್ತದೆ.

ಕಾಯುವ ಈ ಕತ್ತರಿ ಒಮ್ಮೊಮ್ಮೆ ದಾರಿ ತಪ್ಪುತ್ತದೆ. ಫಾಲಿಕ್ಯುಲರ್ ಲಿಂಫೋಮಾ ಎಂಬ ರಕ್ತದ ಕ್ಯಾನ್ಸರನ್ನೇ ನೋಡಿ. ಈ ರೋಗವುಳ್ಳ ಬಹುಪಾಲು ಜನರ ರೋಗಕೋಶಗಳಲ್ಲಿ, 18ನೆಯ ವರ್ಣತಂತುವಿನ ಬಿಸಿಎಲ್-2 ಎಂಬ ವಂಶವಾಹಿ 14ನೆಯದರ ಪ್ರತಿಕಾಯದ ನೆಲೆಗೆ ಬಂದು ಅಂಟಿರುತ್ತದೆ. ಬಿಸಿಎಲ್-2 ಕೋಶದ ಸಾವನ್ನು ತಡೆಯುವಂಥದು. ಹೊಸ ನೆಲೆಯಲ್ಲಿ ಅದು ಮಿತಿಮೀರಿ ದುಡಿಯುತ್ತದೆ. ಸಾಯಬೇಕಾದ ಕೋಶ ಉಳಿದುಕೊಳ್ಳುತ್ತದೆ.

14ನೆಯದರಲ್ಲಿ ಮುರಿತವಾಗುವುದು ಅರ್ಥವಾಗುವ ಮಾತು. ರ‍್ಯಾಗ್ ಓದುವ ಗುರುತುಗಳು ಅಲ್ಲಿವೆ. 18ನೆಯದರ ಆ ಸ್ಥಳದಲ್ಲಿ ಅಂತಹ ಗುರುತಿಲ್ಲ. ಆದರೂ ಬಿಸಿಎಲ್-2ರ ಬಳಿಯ ಮುರಿತಗಳಲ್ಲಿ ಸುಮಾರು ಅರ್ಧದಷ್ಟು ಕೇವಲ 150 ಅಕ್ಷರಗಳಷ್ಟು ಕಿರಿದಾದ ಎಡೆಯಲ್ಲಿ ಆಗುವುದೇಕೆ? ಸತೀಶ್ ರಾಘವನ್, ಮೈಕೆಲ್ ಲೀಬರ್ ಮತ್ತು ಸಂಗಡಿಗರು ಅಮೆರಿಕದಿಂದ 2004ರಲ್ಲಿ ಒಂದು ಉತ್ತರವನ್ನು ಮುಂದಿಟ್ಟರು. ಅಲ್ಲಿನ ಡಿಎನ್‌ಎ ಸಾಮಾನ್ಯ ಜೋಡಿಸುರುಳಿಯಾಗಿ ನಿಲ್ಲದೆ ಬೇರೆ ಆಕಾರ ತಾಳಬಲ್ಲದು. ಅಕ್ಷರದ ಗುರುತಿಲ್ಲದಿದ್ದರೂ ರ‍್ಯಾಗ್ ಆ ಆಕಾರವನ್ನು ಕಂಡು ಕತ್ತರಿಸಬಲ್ಲದು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ ರಾಘವನ್ ಅವರ ತಂಡ, ಅಲ್ಲಿ ನಾಲ್ಕೆಳೆಯ ಮಡಿಕೆ ಮೂಡಬಲ್ಲದೆಂದು 2011ರಲ್ಲಿ ತೋರಿಸಿತು. ಪ್ರತಿಕಾಯಗಳನ್ನು ಹದಗೊಳಿಸುವ ಎಐಡಿ ಎಂಬ ಇನ್ನೊಂದು ಕಿಣ್ವದ ಮೇಲೂ ಸಂಶೋಧಕರು ಸಂಶಯಪಟ್ಟಿದ್ದಾರೆ. ಶೋಧ ಇನ್ನೂ ಮುಗಿದಿಲ್ಲ.

ಶ್ರೋತೃಗಳೇ, ಇದೇ ತಪ್ಪು ಬೆಸುಗೆಯುಳ್ಳ ಕೆಲವು ಕೋಶಗಳು ಎಷ್ಟೋ ಮಂದಿ ಆರೋಗ್ಯವಂತರ ರಕ್ತದಲ್ಲೂ ಸಿಗುತ್ತವೆ. ಅವರಲ್ಲಿ ಹೆಚ್ಚಿನವರಿಗೆ ಈ ರೋಗ ಬಾರದು. ರೋಗ ತಲೆಯೆತ್ತಲು ಇನ್ನೂ ಹಲವು ಪೆಟ್ಟುಗಳು ಕೂಡಿಬರಬೇಕು. ಮನೆಯಲ್ಲೊಬ್ಬರು ಹಾಸಿಗೆ ಹಿಡಿದಾಗ, ಯಾವ ಪಾಪದ ಫಲವಿದು, ಯಾವ ಪಥ್ಯ ತಪ್ಪಿತು ಎಂದು ಹಿರಿಯರು ಹಲುಬುವುದನ್ನು ನಾನು ಕೇಳಿದ್ದೇನೆ. ಅಂಥವರಿಗೆ ವಿಜ್ಞಾನ ಹೇಳುವುದಿಷ್ಟು: ನಮ್ಮನ್ನು ಕಾಯುವ ದುಡಿಮೆಯ ನಡುವೆಯೇ ಈ ಮೊದಲ ತಪ್ಪು ಸಂಭವಿಸುತ್ತದೆ. ಅದಕ್ಕಾಗಿ ರೋಗಿಯ ನಡತೆಯನ್ನು ವಿಚಾರಣೆಗೆ ಎಳೆಯುವುದು ನ್ಯಾಯವಲ್ಲ.