ಕಾರ್ಮಿಕ ಸಂಹಿತೆಯಲ್ಲಿ ಕಾಣೆಯಾದ ‘ಬೇಕು’

ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಬರಬೇಕು, ಹೆಲ್ಮೆಟ್ ಹಾಕಿಕೊಳ್ಳಬೇಕು ಎಂದು ಫ್ರೆಂಚಿನಲ್ಲಿ ಹೇಳಲು ಕಲಿಯುವವರಿಗೆ ಮೊದಲು ಸಿಗುವ ಕ್ರಿಯಾಪದ ‘ದವ್ವಾರ್’. ಆದರೆ ಫ್ರಾನ್ಸಿನ ಕಾರ್ಮಿಕ ಸಂಹಿತೆ 2008ರ ಮೇ 1ರಂದು, ಕಾರ್ಮಿಕರ ದಿನದಂದೇ, ಹೊಸ ರೂಪದಲ್ಲಿ ಜಾರಿಗೆ ಬಂದಾಗ ಹಲವು ಕಲಮುಗಳಿಂದ ಈ ಪದವೇ ಜಾಗ ಖಾಲಿ ಮಾಡಿತ್ತು. ‘ಮಾಲೀಕ ಮಾಡಬೇಕು’ ಎಂದಿದ್ದಲ್ಲಿ ‘ಮಾಲೀಕ ಮಾಡುತ್ತಾನೆ’ ಎಂದಾಗಿತ್ತು.

ಕಾನೂನಿನ ತಿರುಳು ಬದಲಿಸುವುದಿಲ್ಲ, ಕಲಮುಗಳನ್ನು ಓರಣಗೊಳಿಸುತ್ತೇವೆ ಅಷ್ಟೇ ಎಂದಿತು ಸರ್ಕಾರ. ವಿರೋಧ ಪಕ್ಷದವರಿಗೆ ನಂಬಿಕೆ ಬರಲಿಲ್ಲ. ‘ಬೇಕು’ ಹೋದರೆ ಕಟ್ಟುಪಾಡೂ ಸಡಿಲವಾದೀತು ಎಂಬ ಆತಂಕ ಸಂವಿಧಾನ ಮಂಡಳಿಯ ಮೆಟ್ಟಿಲೇರಿತು. 2008ರ ಜನವರಿ 17ರಂದು ಮಂಡಳಿ ವ್ಯಾಕರಣದ ಮೇಲೇ ತೀರ್ಪು ಕೊಟ್ಟಿತು: ಕಾನೂನಿನಲ್ಲಿ ವರ್ತಮಾನ ಕಾಲಕ್ಕೆ ಆಜ್ಞೆಯ ಬಲವಿದೆ. ನಮಗಿದು ತೀರಾ ಅಪರಿಚಿತವೇನಲ್ಲ. “ನಾಳೆ ಐದಕ್ಕೆ ಏಳ್ತೀಯ, ಸ್ನಾನ ಮಾಡ್ತೀಯ” ಎಂದು ಅಮ್ಮ ಹೇಳಿದರೆ ಅದನ್ನು ಭವಿಷ್ಯವಾಣಿ ಅಂದುಕೊಳ್ಳುವವರು ಯಾರು?

ಹಾಗೆ ನೋಡಿದರೆ ಸಂಹಿತೆಯ ಅತಿ ದೊಡ್ಡ ಹೊಣೆ ಹಳೆಯ ಪಾಠದಲ್ಲೂ ವರ್ತಮಾನದಲ್ಲೇ ಇತ್ತು: ನೌಕರರ ಸುರಕ್ಷತೆಗೆ ಬೇಕಾದ ಕ್ರಮಗಳನ್ನು ಸಂಸ್ಥೆಯ ಮುಖ್ಯಸ್ಥ ‘ಕೈಗೊಳ್ಳುತ್ತಾನೆ’. ಹಾಗಿದ್ದೂ ಆತಂಕವನ್ನು ಸುಮ್ಮನೆ ತಳ್ಳಿಹಾಕಲಾರೆ. ವಕೀಲರಿಗೆ ತಿಳಿಯುವ ಈ ಸೂಕ್ಷ್ಮ ಗೋದಾಮಿನಲ್ಲಿ ಮೂಟೆ ಹೊರುವವನಿಗೂ ತಿಳಿಯಬೇಡವೇ?

‘ಕೂಡದು’ ಎನ್ನುವಾಗ ಮಾತ್ರ ಫ್ರೆಂಚ್ ಕಾನೂನು ಇಷ್ಟು ಸಂಕೋಚಪಡುವುದಿಲ್ಲ. ಕಾರ್ಖಾನೆಯ ದೂಳು, ವಿಷಾನಿಲದ ಭಯದಿಂದ 1894ರಲ್ಲಿ ಬಂದ ಆದೇಶ, ಕಾರ್ಮಿಕರು ಕೆಲಸದ ಜಾಗದಲ್ಲಿ ಊಟ ಮಾಡಕೂಡದು ಎಂದಿತ್ತು. ಇಂದಿನ ಸಂಹಿತೆಯಲ್ಲೂ ನಿಷೇಧ ಉಳಿದಿದೆ, ಆದರೆ ಅದರ ಮುಖ ತಿರುಗಿದೆ: ಕೆಲಸದ ಜಾಗದಲ್ಲಿ ನೌಕರರಿಗೆ ಊಟ ಮಾಡಲು ‘ಬಿಡುವುದು’ ನಿಷಿದ್ಧ. ಮೇಜಿನ ಮೇಲೆ ಬುತ್ತಿ ಬಿಚ್ಚಿದವನು ನೌಕರನಾದರೂ, ಬಿಟ್ಟ ತಪ್ಪು ಮಾಲೀಕನದು. ಕೋವಿಡ್ ಕಾಲದಲ್ಲಿ ಕ್ಯಾಂಟೀನಿನ ಗುಂಪು ತಪ್ಪಿಸಲು, 2021ರ ಫೆಬ್ರುವರಿಯಲ್ಲಿ ಇದಕ್ಕೆ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು.

ಅದರ ಮುಂದಿನ ಕಲಮು ಇನ್ನೂ ಸೊಗಸು. ಕೆಲಸದ ಸ್ಥಳದಲ್ಲಿ ಮದ್ಯಕ್ಕೆ ಅನುಮತಿಯಿಲ್ಲ. ವೈನ್, ಬಿಯರ್, ಸೇಬಿನ ಸೈಡರ್ ಮತ್ತು ಪಿಯರ್ ಹಣ್ಣಿನ ಮದ್ಯವನ್ನು ಬಿಟ್ಟು! ಸುರಕ್ಷತೆಗೆ ಧಕ್ಕೆಯಾಗುವಂತಿದ್ದರೆ ಇವನ್ನೂ ಮಾಲೀಕ ನಿರ್ಬಂಧಿಸಬಹುದು ಎಂಬ ಮಾತು ಸೇರಿದ್ದು 2014ರಲ್ಲಿ.